ಕೊಂಡ ಲಾರಿ ಮನೆ ಮುಟ್ಟುವ ತನಕ

ಉತ್ತರ ಕನ್ನಡ ಜಿಲ್ಲೆಯಲ್ಲಿರುವ ನಮ್ಮ ವಾಚಕರೊಬ್ಬರು ಹೋದ ತಿಂಗಳು ಒಂದು ಕಾಗದವನ್ನು ಬರೆದಿರುವರು. ಅವರ ಹಿರಿಯ ಮಗನು ಪುಣೆಗೆ ಹೋಗಿ, ಇನ್ನೊಬ್ಬರು ಆರು ವರ್ಷ ಓಡಿಸಿದ ಸಣ್ಣ ಲಾರಿಯೊಂದನ್ನು ಗೊತ್ತುಮಾಡಿ, ಮುಂಗಡ ಕೊಟ್ಟು ಬಂದಿದ್ದಾನೆ. ಉಳಿದ ಹಣಕ್ಕಾಗಿ ಮನೆಯ ಹೆಂಗಸರ ಬಳೆಗಳು ಸಹಕಾರಿ ಸಂಘದ ತಿಜೋರಿಯನ್ನು ಸೇರಿವೆ. "ಸಂಜೆ ಹಣ ಕೊಟ್ಟು ರಾತ್ರಿಯೇ ಹೊರಟು, ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಯ ಮುಹೂರ್ತಕ್ಕೆ ಲಾರಿಯನ್ನು ಅಂಗಳದಲ್ಲಿ ತಂದು ನಿಲ್ಲಿಸುತ್ತೇನೆಂದು ಅವನು ಹೇಳುತ್ತಾನೆ. ಪುರೋಹಿತರಿಗೂ ಹೇಳಿ ಆಗಿದೆ. ಅವನ ತಾಯಿಯ ಮನಸ್ಸಿಗೆ ಮಾತ್ರ ಸಮಾಧಾನವಿಲ್ಲ. ತಮ್ಮ ಅಭಿಪ್ರಾಯವೇನು?" ಎಂದು ಅವರು ಕೇಳಿದ್ದಾರೆ.

ನಮ್ಮ ಅಭಿಪ್ರಾಯವು ತಾಯಿಯ ಪಕ್ಷದ್ದು. ಪುರೋಹಿತರಿಗೆ ಇನ್ನೊಮ್ಮೆ ಹೇಳಿಕಳುಹಿಸಿ ಮುಹೂರ್ತವನ್ನು ಮುಂದಕ್ಕೆ ಹಾಕುವುದೇ ಯುಕ್ತ. ಕಾರಣಗಳನ್ನು ತುಸು ವಿಸ್ತಾರವಾಗಿ ಹೇಳುವೆವು. ಏಕೆಂದರೆ ದೂರದ ಪಟ್ಟಣಗಳಿಂದ ಇಂಥ ಲಾರಿಗಳನ್ನು ಕೊಂಡು ತರುವ ಮನೆಗಳು ನಮ್ಮ ವಾಚಕರಲ್ಲಿ ಒಂದೆರಡಲ್ಲ.

೨೦೦೫ನೆಯ ಇಸವಿಯಲ್ಲಿ ಟಾಟಾ ಏಸ್ ಎಂಬ ಪುಟ್ಟ ಲಾರಿಯು ಮಾರುಕಟ್ಟೆಗೆ ಬಂದಿತು. ಎರಡೇ ಸಿಲಿಂಡರು, ಹದಿನಾರು ಅಶ್ವಶಕ್ತಿ, ಮುಕ್ಕಾಲು ಟನ್ನಿನಷ್ಟು ಹೊರೆ. ಹಿಂದಿ ಸೀಮೆಯ ಜನರು ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಎತ್ತಿನ ಗಾಡಿಗೆ ಮೀರಿದ, ದೊಡ್ಡ ಲಾರಿಗೆ ಸಾಲದ ಸಾಮಾನನ್ನು ಹೊರಲು ತಕ್ಕ ಗಾಡಿಯೊಂದು ಸಿಕ್ಕಿದಂತಾಯಿತು. ಬೇರೆ ಕಂಪೆನಿಗಳೂ ಅಂಥವೇ ಲಾರಿಗಳನ್ನು ತಯಾರಿಸತೊಡಗಿದವು. ಅಡಕೆಯ ಚೀಲ, ಹಾಲಿನ ಕ್ಯಾನು, ಬಾಳೆಗೊನೆ, ಸಿಮೆಂಟು, ಮದುವೆಯ ಮನೆಯ ಪಾತ್ರೆಗಳು, ಇವೆಲ್ಲವನ್ನೂ ಈಗ ಹೊರುತ್ತಿರುವುದು ಇವೇ. ಒಂದು ಲಾರಿಯಿದ್ದರೆ ಒಂದು ಮನೆಯ ಊಟ ನಡೆಯುತ್ತದೆ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದವರು ಹಳೆಯದನ್ನು ಹುಡುಕುವುದು ಸಹಜ. ದೊಡ್ಡ ಪಟ್ಟಣಗಳಲ್ಲಿ ಹಳೆಯ ಲಾರಿಗಳು ಹೆಚ್ಚಾಗಿ ಮಾರಾಟಕ್ಕೆ ಬರುವುದರಿಂದ ಅಲ್ಲಿ ಆಯ್ಕೆಗೆ ಅವಕಾಶವಿದೆ, ಚೌಕಾಶಿಗೂ ಆಸ್ಪದವಿದೆ. ದೆಹಲಿಯ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಕೂಡದೆಂದು ೨೦೧೫ರಲ್ಲಿ ಹಸುರು ನ್ಯಾಯಾಧಿಕರಣವು ಆಜ್ಞೆ ಮಾಡಿದ ಮೇಲಂತೂ ಅಲ್ಲಿಯ ಗಾಡಿಗಳು ಎಲ್ಲೆಲ್ಲಿಯ ರಾಜ್ಯಗಳಿಗೋ ಹೋಗಿ ಸೇರಿದವು.

ಊರಿನಲ್ಲೇ ಕೊಂಡ ಗಾಡಿಗೂ ದೂರದಿಂದ ತಂದ ಗಾಡಿಗೂ ಒಂದು ಮುಖ್ಯವಾದ ಭೇದವುಂಟು. ಊರಿನದಾದರೆ ಮೊದಲ ದಿನ ಐದು ಮೈಲಿ, ಮರುದಿನ ಹತ್ತು ಮೈಲಿ ಓಡಿಸಿ ಅದರ ಸ್ವಭಾವವನ್ನು ತಿಳಿಯಬಹುದು. ಕೆಟ್ಟರೆ ಮಾರಿದವನ ಮನೆ ಹತ್ತಿರದಲ್ಲೇ ಇದೆ. ದೂರದ ಗಾಡಿಯ ವಿಷಯದಲ್ಲಾದರೋ, ಮೊದಲ ಓಟವೇ ಐನೂರು ಕಿಲೋಮೀಟರಿನದು. ಇಷ್ಟೇ ಅಲ್ಲ. ಪುಣೆಯಂಥ ಪಟ್ಟಣದಲ್ಲಿ ಮಾರುಕಟ್ಟೆಯಿಂದ ಅಂಗಡಿಗೆ, ಅಂಗಡಿಯಿಂದ ಉಗ್ರಾಣಕ್ಕೆ ಓಡಾಡಿಕೊಂಡಿದ್ದ ಲಾರಿಯು ತನ್ನ ಜನ್ಮದಲ್ಲಿ ಒಮ್ಮೆಯಾದರೂ ಹತ್ತು ಗಂಟೆಯ ಹೊತ್ತು ಒಂದೇ ಸಮನೆ ಓಡಿರುವುದು ಅಪೂರ್ವ. ಹತ್ತು ನಿಮಿಷ ಓಡಿ ಅರ್ಧ ಗಂಟೆ ನಿಲ್ಲುವ ಗಾಡಿಯಲ್ಲಿ ಎಂಜಿನಿನ ಕಾವು ಏರುವುದಕ್ಕೂ ಬ್ರೇಕಿನ ದೋಷ ಬಯಲಾಗುವುದಕ್ಕೂ ಸಮಯವೇ ಸಿಕ್ಕುವುದಿಲ್ಲ. ಮಾರುವವನು ಸುಳ್ಳು ಹೇಳಿರಬೇಕೆಂದೇನೂ ಇಲ್ಲ. ಅವನಿಗೂ ಅದು ಗೊತ್ತಿಲ್ಲದಿರಬಹುದು.

ಮಾರುವವರ ಅಂಗಳದಲ್ಲಿ ಎರಡು ಮೂರು ತಿಂಗಳು ಸುಮ್ಮನೆ ನಿಂತ ಗಾಡಿಯ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಓಡಿ ಸವೆದ ಲಾರಿಯ ದೋಷ ಕಣ್ಣಿಗೆ ಕಾಣುತ್ತದೆ; ನಿಂತು ಕೆಟ್ಟ ಲಾರಿಯದು ಕಾಣದು. ಡೀಸೆಲ್ ತೊಟ್ಟಿಯ ತಳದಲ್ಲಿ ಕೆಸರೂ ನೀರೂ ಇಳಿದು ಕುಳಿತಿರುತ್ತವೆ. ರಸ್ತೆಯ ಕುಲುಕಾಟಕ್ಕೆ ಅದೆಲ್ಲ ಕದಡಿ ಎದ್ದು ಫಿಲ್ಟರನ್ನು ಕಟ್ಟುತ್ತದೆ. ಮಳೆಯಲ್ಲಿ ನಿಂತ ಲಾರಿಯ ಕೈಬ್ರೇಕಿನ ತಂತಿಯು ತುಕ್ಕು ಹಿಡಿದು, ಎಳೆದದ್ದು ಹಿಂದಕ್ಕೆ ಸಡಿಲದೆ ಉಳಿಯುತ್ತದೆ. ಇಲಿಗಳು ವಿದ್ಯುತ್ತಿನ ತಂತಿಗಳನ್ನು ಕಡಿದಿರುತ್ತವೆ. ಬ್ಯಾಟರಿಯು ಮಾರಾಟದ ದಿನ ಚೆನ್ನಾಗಿ ಎಂಜಿನನ್ನು ತಿರುಗಿಸುತ್ತದೆ. ಹಿಂದಿನ ರಾತ್ರಿಯೆಲ್ಲ ಅದನ್ನು ಚಾರ್ಜಿಗೆ ಹಾಕಿಟ್ಟದ್ದು ನಮಗೆ ತಿಳಿಯುವ ಬಗೆ ಹೇಗೆ? ಟೈರುಗಳ ಮೇಲಿನ ಗೀರುಗಳು ಆಳವಾಗಿವೆಯೆಂದು ಸಂತೋಷಪಡುವವರು ಅದರ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿಕೊಳ್ಳತಕ್ಕದ್ದು. ಮೊದಲೆರಡು ಅಂಕಿಗಳು ವಾರವನ್ನೂ ಕಡೆಯೆರಡು ಅಂಕಿಗಳು ವರ್ಷವನ್ನೂ ಹೇಳುತ್ತವೆ. ೧೮೧೬ ಎಂದಿದ್ದರೆ ಆ ಟೈರು ೨೦೧೬ನೆಯ ಇಸವಿಯ ಹದಿನೆಂಟನೆಯ ವಾರದಲ್ಲಿ ಹುಟ್ಟಿದುದು. ಅಂಥ ರಬ್ಬರು ಸವೆಯದೆ ಇದ್ದರೂ ಒಳಗೊಳಗೇ ಬಿರುಕು ಬಿಟ್ಟಿರುತ್ತದೆ. ಬಿಸಿಲಿನ ರಸ್ತೆಯಲ್ಲಿ ಸಿಡಿಯುವುದು ಇದೇ.

ಇನ್ನು ಕಾಗದಪತ್ರಗಳು. ಇದು ಬೇಸರದ ವಿಷಯವೆಂದು ಬಲ್ಲೆವು, ಆದರೂ ಬಿಡುವಂತಿಲ್ಲ. ಆರ್.ಸಿ. ಪುಸ್ತಕ, ಎಫ್.ಸಿ., ವಿಮೆ, ಹೊಗೆಯ ಸರ್ಟಿಫಿಕೇಟು ಈ ನಾಲ್ಕೂ ಹೊರಡುವ ದಿನ ಜೀವಂತವಾಗಿರಬೇಕು. ಸಾಮಾನು ಸಾಗಿಸುವ ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆಯೂ ಅನಂತರ ವರ್ಷಕ್ಕೊಮ್ಮೆಯೂ ಎಫ್.ಸಿ. ಮಾಡಿಸಬೇಕಾಗಿರುವುದರಿಂದ ತಾರೀಖನ್ನು ಕಣ್ಣಿಟ್ಟು ನೋಡಿರಿ. ಮಾರುವವರು ೨೯ ಮತ್ತು ೩೦ನೆಯ ನಮೂನೆಗಳಿಗೆ ರುಜು ಹಾಕಿಕೊಡಬೇಕು. ಬೇರೆ ರಾಜ್ಯಕ್ಕೆ ಒಯ್ಯುವುದಾದುದರಿಂದ ಅಲ್ಲಿಯ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಅದು ೨೮ನೆಯ ನಮೂನೆ. ಗಾಡಿಯ ಮೇಲೆ ಹಿಂದೆ ಸಾಲವಿದ್ದರೆ, ತೀರಿತೆಂದು ಸಾಲ ಕೊಟ್ಟವರು ೩೫ನೆಯ ನಮೂನೆಯಲ್ಲಿ ಬರೆದುಕೊಡಬೇಕು. "ಎನ್.ಒ.ಸಿ.ಯನ್ನು ಆಮೇಲೆ ಅಂಚೆಯಲ್ಲಿ ಕಳುಹಿಸುವೆವು" ಎಂಬ ಮಾತನ್ನು ಕೇಳಿದ ಕೂಡಲೆ ಹಣದ ಚೀಲದ ಬಾಯಿಯನ್ನು ಕಟ್ಟತಕ್ಕದ್ದು. ಹಿಂದಿನವರ ತಪ್ಪಿಗಾಗಿ ಪೋಲೀಸರು ಹಾಕಿದ ದಂಡಗಳು ಬಾಕಿಯಿವೆಯೋ ಎಂಬುದನ್ನು ಗಾಡಿಯ ಸಂಖ್ಯೆಯಿಂದ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಬಹುದು.

ಮಾರುವವರಿಗೂ ಒಂದು ಮಾತನ್ನು ಹೇಳಬೇಕು. ನಮ್ಮ ವಾಚಕರಲ್ಲಿ ಗಾಡಿಯನ್ನು ಮಾರುವವರೂ ಇರಬಹುದಷ್ಟೆ. ಆರ್.ಸಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಒಡೆಯರೆಂದು ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪುಕೊಟ್ಟಿದೆ. ಗಾಡಿ ಮಾರಿ, ಹಣ ಎಣಿಸಿಕೊಂಡು, ಹೆಸರು ಬದಲಾಗುವ ಮೊದಲು ದಾರಿಯಲ್ಲಿ ಯಾರಿಗಾದರೂ ಅಪಘಾತವಾದರೆ ಪರಿಹಾರದ ಹೊಣೆಯು ಹಳೆಯ ಒಡೆಯನನ್ನೇ ಹುಡುಕಿಕೊಂಡು ಬರಬಹುದು. ಕೊಂಡವನ ಸ್ಥಿತಿಯೂ ನಿಶ್ಚಿಂತವಾದುದಲ್ಲ. ಹಳೆಯ ವಿಮೆಯು ಗಾಡಿಯೊಂದಿಗೆ ತಾನಾಗಿಯೇ ವರ್ಗವಾಗುವುದೆಂದು ೧೯೮೮ನೆಯ ಮೋಟಾರು ವಾಹನಗಳ ಕಾಯಿದೆಯು ಹೇಳುವುದು ನಿಜ; ಆದರೆ ಅದು ಇತರರಿಗೆ ಆಗುವ ಹಾನಿಯ ಮಟ್ಟಿಗೆ. ತನ್ನ ಲಾರಿಯೇ ಹಳ್ಳಕ್ಕೆ ಉರುಳಿದರೆ ಹಳೆಯವನ ಹೆಸರಿನ ವಿಮೆಯಿಂದ ಹೊಸಬನಿಗೆ ಕಾಸು ಹುಟ್ಟುವುದು ಕಷ್ಟ. ಬಳೆ ಅಡವಿಟ್ಟು ತಂದ ಲಾರಿಯು ಮನೆಯ ದಾರಿಯಲ್ಲಿರುವಾಗಲೇ ಅದಕ್ಕೆ ರಕ್ಷಣೆಯು ಎಲ್ಲಕ್ಕಿಂತ ಕಡಿಮೆ ಎಂಬುದನ್ನು ವಾಚಕರು ಗಮನಿಸಬೇಕು. ಆದಕಾರಣ ಹಣ ಕೊಡುವ ದಿನವೇ ವಿಮಾ ಕಂಪೆನಿಗೆ ಅರ್ಜಿ ಹಾಕಿ, ಸಾಧ್ಯವಾದರೆ ಹೆಸರು ಬದಲಾದ ಮೇಲೆಯೇ ಹೊರಡುವುದು ಉತ್ತಮ. ಹದಿನಾಲ್ಕು ದಿನಗಳೊಳಗೆ ಅರ್ಜಿ ಕೊಡಬೇಕೆಂದು ಕಾಯಿದೆಯೇ ವಿಧಿಸಿದೆ.

ಲೈಸೆನ್ಸಿನ ವಿಷಯದಲ್ಲಿ ಮಾತ್ರ ಒಳ್ಳೆಯ ಸುದ್ದಿಯಿದೆ. ಲಘು ಮೋಟಾರು ವಾಹನದ ಲೈಸೆನ್ಸುಳ್ಳವರು ಒಟ್ಟು ತೂಕ ೭೫೦೦ ಕಿಲೋ ಮೀರದ ಸರಕು ವಾಹನವನ್ನೂ ಓಡಿಸಬಹುದೆಂದು ೨೦೧೭ರಲ್ಲಿ ಆದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ೨೦೨೪ರ ನವೆಂಬರಿನಲ್ಲಿ ಎತ್ತಿಹಿಡಿಯಿತು. ಒಟ್ಟು ತೂಕವು ೩೦೦೦ ಕಿಲೋ ಮೀರದ ಲಾರಿಗೆ ಪರ್ಮಿಟ್ಟು ಬೇಕಿಲ್ಲ.

ಲಾರಿಯೊಂದು ಹೀಗೆ ಮನೆಗೆ ಬಂದುದನ್ನು ನಾವು ಜೊತೆಯಲ್ಲಿ ಕುಳಿತು ನೋಡಿದ್ದೇವೆ. ೨೦೨೨ರ ಡಿಸೆಂಬರಿನಲ್ಲಿ ನಮ್ಮ ಅಕ್ಕನ ಮಗನು ಪುಣೆಯ ವ್ಯಾಪಾರಿಯೊಬ್ಬರಿಂದ ಇಂಥದೇ ಲಾರಿಯನ್ನು ಕೊಂಡನು. ಅದು ಯಾರ ತಯಾರಿಕೆಯದೆಂಬುದು ಇಲ್ಲಿ ಅಪ್ರಸ್ತುತ. ಮುಂಗಾರಿನ ಕಡೆಯಿಂದ ಅದು ಅವರ ಅಂಗಳದಲ್ಲಿ ಬಯಲಿಗೆ ನಿಂತಿತ್ತು. ಹುಡುಗನು ಲಾರಿಯನ್ನು ಬಲ್ಲವನು, ಅವಸರದವನೂ ಹೌದು. ಮೊದಲ ದಿನ ಕೊಲ್ಹಾಪುರ, ಎರಡನೆಯ ದಿನ ಶಿರಸಿ, ಕತ್ತಲಲ್ಲಿ ಓಟವಿಲ್ಲ ಎಂದು ಹೊರಡುವ ಮೊದಲೇ ಅವನಿಂದ ಮಾತು ಪಡೆದೆವು. "ಮಾವಾ, ರಾತ್ರಿ ರಸ್ತೆ ಖಾಲಿ ಇರುತ್ತದಲ್ಲ?" ಎಂದನು. ರಸ್ತೆ ಖಾಲಿಯಿದ್ದರೆ ಪಾನಾ ಹಿಡಿದು ಸಹಾಯಕ್ಕೆ ಬರುವ ಕೈಗಳೂ ಖಾಲಿಯೇ ಎಂದು ನಾವು ಹೇಳಿದೆವು.

ಅವನಿಗೆ ಇನ್ನೊಂದು ಆಸೆಯಿತ್ತು. ಖಾಲಿ ಲಾರಿಯನ್ನು ಅಷ್ಟು ದೂರ ತರುವುದಕ್ಕಿಂತ ಪುಣೆಯ ಈರುಳ್ಳಿಯನ್ನು ತುಂಬಿಕೊಂಡು ಬಂದರೆ ಡೀಸೆಲಿನ ಖರ್ಚು ಹೊರಡುವುದು ಎಂಬ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಗೊತ್ತಿಲ್ಲದ ಬ್ರೇಕು, ಗೊತ್ತಿಲ್ಲದ ಟೈರು, ಹೆಸರು ಬದಲಾಗದ ವಿಮೆ, ಇವುಗಳ ಮೇಲೆ ಮುಕ್ಕಾಲು ಟನ್ನನ್ನು ಹೇರಿ ಘಾಟು ಇಳಿಯುವುದಕ್ಕೆ ನಾವು ಒಪ್ಪಲಿಲ್ಲ. ಹಾಗೆಂದು ತೀರ ಖಾಲಿಯಾಗಿ ತರುವುದೂ ಒಳ್ಳೆಯದಲ್ಲ. ಈ ಲಾರಿಗಳ ಹಿಂಭಾಗದ ಪ್ಲೇಟುಗಳು ಹೊರೆಗಾಗಿ ಬಿಗಿಯಾಗಿ ಮಾಡಿದಂಥವು. ಖಾಲಿಯಿದ್ದಾಗ ಹಿಂದಿನ ಗಾಲಿಗಳು ಕುಣಿಯುತ್ತವೆ, ಗಟ್ಟಿಯಾಗಿ ಬ್ರೇಕು ಹಾಕಿದರೆ ನೆಲದ ಹಿಡಿತ ಬಿಟ್ಟು ಜಾರುತ್ತವೆ. ನೂರೈವತ್ತು ಕಿಲೋ ಮರಳಿನ ಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಇಟ್ಟು ಬಿಗಿದರೆ ಗಾಡಿ ನೆಮ್ಮದಿಯಾಗಿ ಓಡುವುದು. ನಾವು ಮರಳಿಗೆ ಬದಲಾಗಿ ಮೂರು ಚೀಲ ಈರುಳ್ಳಿಯನ್ನೇ ಕಟ್ಟಿದೆವು. ಹುಡುಗನ ಆಸೆಯೂ ಸ್ವಲ್ಪಮಟ್ಟಿಗೆ ತೀರಿತು; ಅಕ್ಕನ ಕೇರಿಯವರೆಲ್ಲ ಸಂಕ್ರಾಂತಿಯ ತನಕ ಆ ಈರುಳ್ಳಿಯನ್ನು ತಿಂದರು.

ಬೆಳಗಿನ ಹತ್ತು ಗಂಟೆಗೆ ಹೊರಟು, ಇಪ್ಪತ್ತೈದು ಕಿಲೋಮೀಟರು ದಾಟುತ್ತಲೇ ಖೇಡ್ ಶಿವಾಪುರದ ಬಳಿ ಲಾರಿಯನ್ನು ನಿಲ್ಲಿಸಿದೆವು. ಮೊದಲ ನಿಲುಗಡೆಯನ್ನು ಇಷ್ಟು ಹತ್ತಿರದಲ್ಲಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಇಳಿದು ನಾಲ್ಕು ಗಾಲಿಗಳ ನಡುಭಾಗದ ಹತ್ತಿರ ಅಂಗೈಯನ್ನು ಹಿಡಿದು ಕಾವನ್ನು ನೋಡಬೇಕು. ಎಡಬಲಗಳೆರಡೂ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿರಬೇಕು, ಇಲ್ಲವೆ ಬೇರಿಂಗು ಹೋಗಿರಬೇಕು. ನಮ್ಮ ಲಾರಿಯಲ್ಲಿ ಹಿಂದಿನ ಎಡಗಾಲಿಯ ಹತ್ತಿರ ಕೈ ಒಯ್ಯಲಾಗುತ್ತಿರಲಿಲ್ಲ. ಸುಟ್ಟ ವಾಸನೆಯೂ ಇತ್ತು. ರಸ್ತೆಯ ಪಕ್ಕದ ಗ್ಯಾರೇಜಿನವನು ಗಾಲಿ ಬಿಚ್ಚಿ ನೋಡಿದಾಗ, ನಾವು ಮೇಲೆ ಹೇಳಿದ ಕೈಬ್ರೇಕಿನ ತಂತಿಯು ತುಕ್ಕಿನಿಂದ ಬಿಗಿದು ಕುಳಿತಿದ್ದು ಕಂಡಿತು. ಎಣ್ಣೆ ಹಾಕಿ, ತಿಕ್ಕಿ, ಕೊನೆಗೆ ತಂತಿಯನ್ನೇ ಬದಲಿಸಿ, ಬ್ರೇಕಿನ ಆಯಿಲನ್ನೂ ಹೊಸದು ತುಂಬಿಸಿದ್ದಕ್ಕೆ ಎರಡು ಗಂಟೆ ಹಿಡಿಯಿತು. ಅಲ್ಲಿಂದ ಮುಂದೆ ಸಿಕ್ಕುವುದು ಖಂಬಾಟಕಿ ಘಾಟು. ಬ್ರೇಕಿನ ಆಯಿಲು ಗಾಳಿಯ ತೇವವನ್ನು ಹೀರುವಂಥದು. ಹಳೆಯದಾದ ಆಯಿಲು ಕಾದ ಡ್ರಮ್ಮಿನ ಬಳಿ ಕುದಿದು ಆವಿಯಾದರೆ, ಬ್ರೇಕು ಒತ್ತಿದ ಕಾಲು ಹತ್ತಿಯ ಮೇಲೆ ಇಟ್ಟಂತೆ ಕೆಳಗಿಳಿಯುವುದೇ ಹೊರತು ಗಾಡಿ ನಿಲ್ಲುವುದಿಲ್ಲ. ರಾತ್ರಿ ಹೊರಟಿದ್ದರೆ ಆ ಗಾಲಿಯನ್ನು ಮುಟ್ಟಿ ನೋಡುವ ತಾಳ್ಮೆ ಯಾರಿಗೆ ಇರುತ್ತಿತ್ತು? ಮುಟ್ಟಿ ನೋಡಿದರೂ ತೆರೆದಿರುವ ಗ್ಯಾರೇಜು ಎಲ್ಲಿರುತ್ತಿತ್ತು?

ಘಾಟನ್ನು ಯಾವ ಗೇರಿನಲ್ಲಿ ಏರಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಡ್ರೈವರುಗಳ ಕಟ್ಟಳೆ. ಎಂಜಿನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಬ್ರೇಕಿಗೆ ವಿಶ್ರಾಂತಿ ಸಿಕ್ಕುತ್ತದೆ. ಡೀಸೆಲ್ ಉಳಿಯಲೆಂದು ನ್ಯೂಟ್ರಲಿನಲ್ಲಿ ಬಿಟ್ಟುಕೊಂಡು ಇಳಿಯುವವರನ್ನು ನಾವು ಆ ದಿನವೂ ಕಂಡೆವು. ಅವರು ಉಳಿಸುವುದು ಎರಡು ಚಮಚೆಯಷ್ಟಿರಬಹುದು.

ಸಾತಾರೆ ದಾಟಿ ಕರಾಡದ ಹತ್ತಿರ ಕೃಷ್ಣೆಯನ್ನು ಕಾಣುವ ಹೊತ್ತಿಗೆ ಲಾರಿಯು ಏದುಸಿರು ಬಿಡತೊಡಗಿತು. ಸಪಾಟಾದ ರಸ್ತೆಯಲ್ಲೂ ನಲವತ್ತರ ಮೇಲೆ ಓಡಲೊಲ್ಲದು. ಹುಡುಗನ ಮುಖ ಬಾಡಿತು. "ಎಂಜಿನೇ ಹೋಯಿತೋ ಏನೋ ಮಾವಾ. ಅಮ್ಮನಿಗೆ ಏನು ಹೇಳಲಿ?" ಎಂದನು. ಎಂಜಿನು ಹೋಗಿರಲಿಲ್ಲ, ತೊಟ್ಟಿಯ ತಳದ ಕೆಸರು ಮೇಲೆದ್ದು ಫಿಲ್ಟರನ್ನು ಕಟ್ಟಿತ್ತು. ಹೊರಡುವ ಮೊದಲೇ ಒಂದು ಹೊಸ ಫಿಲ್ಟರನ್ನು ಕೊಂಡಿಟ್ಟುಕೊಂಡಿದ್ದೆವು. ಅದನ್ನು ಹಾಕಿ, ಒಳಗೆ ಸೇರಿದ ಗಾಳಿಯನ್ನು ಹೊರಗೆ ತೆಗೆದು, ಮತ್ತೆ ಹೊರಡುವುದಕ್ಕೆ ಮುಕ್ಕಾಲು ಗಂಟೆ ಸಾಕಾಯಿತು. ಮುನ್ನೂರು ನಾನೂರು ರೂಪಾಯಿಯ ಸಾಮಾನು ಕೈಯಲ್ಲಿಲ್ಲದಿದ್ದರೆ ಗಾಬರಿಗೊಂಡ ಮನುಷ್ಯನಿಂದ ಎಂಜಿನ್ ಬಿಚ್ಚುವ ಮಾತನ್ನೇ ಆಡಿಸಿ ಹಣ ಕೀಳುವವರು ರಸ್ತೆಯಲ್ಲಿ ಇಲ್ಲದಿಲ್ಲ.

ಆದುದರಿಂದ ಲಾರಿಯನ್ನು ತರಲು ಹೋಗುವವರು ಮನೆಯಿಂದಲೇ ಒಂದು ಗಂಟನ್ನು ಕಟ್ಟಿಕೊಂಡು ಹೋಗುವುದು ಲೇಸು. ಡೀಸೆಲ್ ಫಿಲ್ಟರು, ಫ್ಯಾನ್ ಬೆಲ್ಟು, ನಾಲ್ಕಾರು ಫ್ಯೂಜುಗಳು, ಮುಂದೀಪದ ಒಂದು ಬಲ್ಬು, ಒಂದು ಲೀಟರು ಎಂಜಿನ್ ಆಯಿಲು, ಐದು ಲೀಟರು ನೀರು, ಟಾರ್ಚು, ಗಟ್ಟಿಯಾದ ಹಗ್ಗ, ಗಾಲಿಗೆ ಒಡ್ಡಲು ಎರಡು ಮರದ ತುಂಡು. ಜಾಕಿಯೂ ಸ್ಟೆಪ್ನಿಯೂ ಲಾರಿಯಲ್ಲಿ ಇವೆಯೆಂದು ಮಾರುವವರು ಹೇಳಿದರೆ ಸಾಲದು. ಅಂಗಳದಲ್ಲೇ ಒಮ್ಮೆ ಜಾಕಿ ಹಾಕಿ ಗಾಲಿಯನ್ನು ಬಿಚ್ಚಿ ಮತ್ತೆ ಹಾಕಿ ನೋಡತಕ್ಕದ್ದು. ವರ್ಷಗಟ್ಟಲೆ ಬಿಚ್ಚದ ನಟ್ಟುಗಳು ಕತ್ತಲಲ್ಲಿ ಒಬ್ಬ ಮನುಷ್ಯನ ಬಲಕ್ಕೆ ಜಗ್ಗುವುದಿಲ್ಲ. ಹಾಗೆ ಬಿಚ್ಚಿ ಹಾಕಿದ ನಟ್ಟುಗಳನ್ನು ಐವತ್ತು ಅರವತ್ತು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಎಂಜಿನ್ ಆಯಿಲನ್ನು ನೂರು ಕಿಲೋಮೀಟರಿಗೊಮ್ಮೆ ಕಡ್ಡಿ ತೆಗೆದು ನೋಡುತ್ತಿದ್ದರೆ ಗಾಡಿ ಎಷ್ಟು ಆಯಿಲನ್ನು ಕುಡಿಯುವಂಥದೆಂಬುದು ಮನೆ ಸೇರುವಷ್ಟರಲ್ಲಿ ತಿಳಿದುಹೋಗುತ್ತದೆ. ಇಂಥ ಲಾರಿಗಳಲ್ಲಿ ಬಹುಮಟ್ಟಿಗೆ ಎಂಜಿನು ಆಸನದ ಅಡಿಯಲ್ಲೇ ಇರುತ್ತದೆ. ಕುಳಿತ ಜಾಗ ಹಠಾತ್ತಾಗಿ ಬಿಸಿಯಾದರೆ ಮುಳ್ಳು ಏನೇ ತೋರಲಿ, ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿರಿ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆಗೆದು ಮುಖ ಸುಟ್ಟುಕೊಂಡವರು ಇದ್ದಾರೆ.

ಟೋಲ್ ನಾಕೆಗಳ ವಿಷಯವೂ ಸಣ್ಣದಲ್ಲ. ೨೦೨೧ರ ಫೆಬ್ರವರಿಯಿಂದ ರಾಷ್ಟ್ರೀಯ ಹೆದ್ದಾರಿಯ ನಾಕೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಗಾಜಿಗೆ ಅಂಟಿರುವುದು ಹಳೆಯ ಒಡೆಯನದಾಗಿದ್ದರೆ ಹಣ ಹೋಗುವುದು ಅವನ ಖಾತೆಯಿಂದ. ಹೊರಡುವ ಮೊದಲೇ ಅವನಿಂದ ಅದನ್ನು ಮುಚ್ಚಿಸಿ ಹೊಸದನ್ನು ಅಂಟಿಸಿಕೊಳ್ಳುವುದು ಮರ್ಯಾದೆಯ ಕೆಲಸ.

ಆ ರಾತ್ರಿ ಕೊಲ್ಹಾಪುರದಲ್ಲಿ ತಂಗಿದೆವು. ಮರುದಿನ ಆರು ಗಂಟೆಗೆ ಹೊರಟಾಗ ಲಾರಿಯು ಒಂದೇ ಸಲಕ್ಕೆ ಎದ್ದಿತು. ಬ್ಯಾಟರಿಯ ಪರೀಕ್ಷೆಯೂ ಆದಂತಾಯಿತು. ಕೊಗನೊಳ್ಳಿಯ ಬಳಿ ಕನ್ನಡದ ಫಲಕಗಳು ಕಾಣಿಸಿಕೊಂಡವು. ನಿಪ್ಪಾಣಿಯ ಆಚೆ ತವನಿಧಿಯ ಘಾಟನ್ನು ನಿಧಾನವಾಗಿ ದಾಟಿ, ಬೆಳಗಾವಿಯಲ್ಲಿ ಚಹಾ ಕುಡಿದು, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯನ್ನು ಕಂಡು, ಕಿತ್ತೂರಿನ ಹತ್ತಿರ ಬುತ್ತಿ ಬಿಚ್ಚಿದೆವು. ಅವಲಕ್ಕಿ, ಮೊಸರು, ಬಾಳೆಹಣ್ಣು. ಡ್ರೈವರನಾದವನು ಹೊಟ್ಟೆ ತುಂಬ ಅನ್ನ ಉಂಡರೆ ಮಧ್ಯಾಹ್ನದಲ್ಲೇ ರಾತ್ರಿಯಾಗುತ್ತದೆ. ಧಾರವಾಡ ಹುಬ್ಬಳ್ಳಿಗಳ ನಡುವಣ ಬೈಪಾಸು ಆಗಿನ್ನೂ ಇಕ್ಕಟ್ಟಾಗಿತ್ತು. ೨೦೨೧ರ ಜನವರಿಯಲ್ಲಿ ಇಟಿಗಟ್ಟಿಯ ಬಳಿ ದಾವಣಗೆರೆಯ ಹೆಣ್ಣುಮಕ್ಕಳು ಪ್ರಾಣ ಕಳೆದುಕೊಂಡದ್ದು ಇದೇ ದಾರಿಯಲ್ಲಿ. ಅಲ್ಲಿ ನಾವು ಯಾರನ್ನೂ ಹಿಂದೆ ಹಾಕಲು ಹೋಗಲಿಲ್ಲ. ಹಿಂದಿನವರ ಹಾರನ್ನಿಗೆ ಕಿವಿಗೊಡಲೂ ಇಲ್ಲ. ತಡಸ, ಮುಂಡಗೋಡಗಳ ಮಾರ್ಗವಾಗಿ ಸಂಜೆ ಐದು ಗಂಟೆಗೆ ಶಿರಸಿಯನ್ನು ಮುಟ್ಟಿದೆವು.

ಮನೆಯಲ್ಲಿ ಕಾದಿರುವವರಿಗೆ ಈಗ ಒಂದು ಮಾತು. ಇದನ್ನು ಹೇಳುವುದಕ್ಕಾಗಿಯೇ ನಾವು ಇಷ್ಟು ಬರೆದೆವೆನ್ನಬಹುದು. ಲಾರಿಯನ್ನು ರಾತ್ರಿಯೆಲ್ಲ ಓಡಿಸುವುದು ಡ್ರೈವರನ ಹುಮ್ಮಸ್ಸು ಮಾತ್ರವಲ್ಲ. ಅನೇಕ ವೇಳೆ ಅವನ ಬೆನ್ನ ಹಿಂದೆ ಮನೆಯವರ ಮುಹೂರ್ತವಿರುತ್ತದೆ. ಬಾಗಿಲಿಗೆ ತೋರಣ ಕಟ್ಟಿಯಾಗಿದೆ, ನೆಂಟರಿಗೆ ಹೇಳಿಯಾಗಿದೆ, ನಿಂಬೆಹಣ್ಣು ಕುಂಬಳಕಾಯಿ ತಂದಾಗಿದೆ. ಇಷ್ಟೆಲ್ಲ ಕಾದಿರುವಾಗ ದಾರಿಯಲ್ಲಿ ಬ್ರೇಕು ಸುಟ್ಟ ವಾಸನೆ ಬಂದರೂ "ಮನೆಗೆ ಹೋಗಿ ನೋಡೋಣ" ಎಂದೇ ಅವನ ಮನಸ್ಸು ಹೇಳುವುದು. ಬೆಳಗಿನ ಜಾವ ಎರಡರಿಂದ ಐದರ ತನಕ ಮನುಷ್ಯನ ಕಣ್ಣು ಅವನ ಅಧೀನದಲ್ಲಿರುವುದಿಲ್ಲ. ಎಷ್ಟು ಚಹಾ ಕುಡಿದರೂ ಅಷ್ಟೇ. ಲಾರಿಯು ಬಂದು ಒಂದು ದಿನ ಅಂಗಳದಲ್ಲಿ ನಿಂತ ಮೇಲೆ ಪಂಚಾಂಗ ತೆಗೆದರೆ ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ. ಅರ್ಧ ಗಂಟೆಗೊಮ್ಮೆ "ಎಲ್ಲಿ ಮುಟ್ಟಿದಿರಿ?" ಎಂದು ಫೋನು ಮಾಡುವುದನ್ನೂ ನಿಲ್ಲಿಸಬೇಕು. ಮಗನು ತಾಯಿಯ ಫೋನನ್ನು ಎತ್ತದೆ ಇರಲಾರನು. ಎತ್ತಿದರೆ ಒಂದೇ ಕೈ ಸ್ಟೀರಿಂಗಿನ ಮೇಲೆ. ನಮ್ಮ ಅಕ್ಕನೊಂದಿಗೆ ನಾವು ಮಾಡಿಕೊಂಡ ಒಪ್ಪಂದವೆಂದರೆ ದಿನಕ್ಕೆ ಮೂರು ಫೋನು, ಅದೂ ನಾವೇ ಮಾಡತಕ್ಕದ್ದು, ಲಾರಿ ನಿಂತಾಗ ಮಾತ್ರ. ಅವಳು ಎರಡು ದಿನವೂ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದಳೆಂದು ಆಮೇಲೆ ತಿಳಿಯಿತು, ಆದರೆ ತಾನಾಗಿ ಒಮ್ಮೆಯೂ ಮಾಡಲಿಲ್ಲ.

ಕಾಗದ ಬರೆದ ವಾಚಕರು ಲಾರಿಯನ್ನು ಇನ್ನೊಂದು ದೊಡ್ಡ ಲಾರಿಯ ಮೇಲೆ ಹೇರಿಸಿ ತರಬಹುದೇ ಎಂದೂ ವಿಚಾರಿಸಿದ್ದಾರೆ. ತರಬಹುದು. ಎಫ್.ಸಿ.ಯೋ ವಿಮೆಯೋ ಮುಗಿದುಹೋಗಿದ್ದರೆ, ಬ್ರೇಕು ಟೈರುಗಳಲ್ಲಿ ಸಂದೇಹವಿದ್ದರೆ, ಅದೇ ಸರಿಯಾದ ಮಾರ್ಗ. ಬಾಡಿಗೆ ಹೆಚ್ಚೆನಿಸಿದರೆ ಅದನ್ನು ಕ್ರಯದಲ್ಲೇ ಸೇರಿಸಿ ಮೊದಲೇ ಚೌಕಾಶಿ ಮಾಡತಕ್ಕದ್ದು. ಆದರೆ ಕಾಗದಗಳು ಸರಿಯಿದ್ದು, ಲಾರಿ ಗಟ್ಟಿಯಾಗಿದ್ದು, ಇಬ್ಬರು ಜೊತೆಗೂಡಿ ಎರಡು ಹಗಲುಗಳನ್ನು ಕೊಡಬಲ್ಲವರಾ‌ದರೆ ಓಡಿಸಿಕೊಂಡು ಬರುವುದನ್ನೇ ನಾವು ಮೆಚ್ಚುವೆವು. ಹಾಗೆ ಬಂದವನಿಗೆ ತನ್ನ ಗಾಡಿಯ ಪ್ರತಿಯೊಂದು ಸದ್ದೂ ಪರಿಚಯವಾಗಿರುತ್ತದೆ. ಬಾಡಿಗೆಯ ಡ್ರೈವರನ ಕೈಗೆ ಕೊಟ್ಟು ತರಿಸಿದರೆ ಈ ಪರಿಚಯ ಅವನೊಂದಿಗೇ ಬಸ್ಸು ಹತ್ತಿ ಹೋಗುತ್ತದೆ.

ಲಾರಿ ಬಂದ ಮೊದಲ ವಾರದಲ್ಲಿಯೇ ಎಂಜಿನ್ ಆಯಿಲು, ಫಿಲ್ಟರುಗಳು, ಗೇರ್ ಪೆಟ್ಟಿಗೆಯ ಆಯಿಲು ಎಲ್ಲವನ್ನೂ ಬದಲಿಸಿ, ತೊಟ್ಟಿಯನ್ನು ಇಳಿಸಿ ತೊಳೆಸಿ, ನಾಲ್ಕು ಬ್ರೇಕುಗಳನ್ನೂ ಬಿಚ್ಚಿ ನೋಡಿಸಬೇಕು. ಇದಕ್ಕೆ ಬೇಕಾಗುವ ಹಣವನ್ನು ಕ್ರಯದ ಹಣದಿಂದ ಮೊದಲೇ ತೆಗೆದಿಟ್ಟಿರುವುದು ಒಳ್ಳೆಯದು. ಕೊಂಡ ಮೂವತ್ತು ದಿನಗಳೊಳಗೆ ವರ್ಗಾವಣೆಯನ್ನು ನಮ್ಮ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು. ಬೇರೆ ರಾಜ್ಯದ ಸಂಖ್ಯೆಯಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಗಾಡಿಯನ್ನು ಇಟ್ಟುಕೊಳ್ಳುವಂತಿಲ್ಲ; ಹೊಸ ಸಂಖ್ಯೆಗೆ ೨೭ನೆಯ ನಮೂನೆಯಲ್ಲಿ ಅರ್ಜಿ. ನಮ್ಮ ರಾಜ್ಯದ ತೆರಿಗೆ ಎಷ್ಟಾಗುವುದೆಂಬುದನ್ನು ಮುಂಗಡ ಕೊಡುವ ಮೊದಲೇ ಕಚೇರಿಯಲ್ಲಿ ಕೇಳಿಕೊಳ್ಳುವವರು ಕಡಿಮೆ. ಕೇಳಿದವರಲ್ಲಿ ಕೆಲವರು ಪುಣೆಗೆ ಹೋಗದೆಯೇ ಹತ್ತಿರದ ಊರಿನಲ್ಲಿ ಲಾರಿಯನ್ನು ಹುಡುಕಿಕೊಂಡದ್ದೂ ಉಂಟು. ನಮ್ಮ ಅಕ್ಕನ ಮಗನ ಲಾರಿಗೆ ಕೆ.ಎ. ೩೧ರ ಫಲಕ ಬರುವಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಒಡವೆಗಳನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಹಿಡಿದವು.